ಮೈನಸ್ ನಾಲ್ಕರ ರಕ್ಕಸ ಹದಿನಾರಕ್ಕೆ ಬಂದದ್ದು ಹೇಗೆ?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ತೆರೆದು ರಾಕ್ಷಸನ ಪುಟಕ್ಕೆ ಹೋದರೆ, ಆರ್ಮರ್ ಕ್ಲಾಸ್ ಎಂಬ ಸಾಲಿನಲ್ಲಿ ಮೈನಸ್ 4 ಎಂದಿದೆ. 2014ರ ಪುಸ್ತಕದಲ್ಲಿ ಅದೇ ರಾಕ್ಷಸನಿಗೆ 16. ಹಳೆಯದರಲ್ಲಿ ಅವನ ಪ್ರಾಣ ಸರಾಸರಿ 31, ಹೊಸದರಲ್ಲಿ 110. ಹುಲಿಮುಖ ಬದಲಾಗಿಲ್ಲ, ಮಾಯಾವಿದ್ಯೆ ಬದಲಾಗಿಲ್ಲ, ನರಮಾಂಸದ ಚಪಲವೂ ಹಾಗೇ ಇದೆ. ಅಂಕಿಗಳು ಮಾತ್ರ ಬೇರೆ ಯಾರದೋ ಜಾತಕದಂತೆ ಕಾಣುತ್ತವೆ.

ಈ ಆಟಕ್ಕೆ 2024ರಲ್ಲಿ ಐವತ್ತು ತುಂಬಿತು. ಆ ವರ್ಷದಿಂದ 2025ರ ಆರಂಭದವರೆಗೆ ಅದರ ಮೂರು ಮುಖ್ಯ ಪುಸ್ತಕಗಳು ಪರಿಷ್ಕೃತಗೊಂಡು ಬಂದವು. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿ, ‘ಬಾಲ್ಡರ್ಸ್ ಗೇಟ್ 3’ ಆಡಿ ಈ ಕಡೆ ಬಂದ ಹೊಸಬರು ಬೆಂಗಳೂರಿನಲ್ಲೂ ಇದ್ದಾರೆ, ಅಮೆರಿಕದ ಕನ್ನಡಿಗರ ಮನೆಗಳಲ್ಲೂ ಇದ್ದಾರೆ. ಎಂಬತ್ತರ ದಶಕದ ಸಾಹಸಕಥೆಗಳು ಈಗ ಪಿಡಿಎಫ್ ರೂಪದಲ್ಲಿ ಸುಲಭವಾಗಿ ಸಿಗುತ್ತವೆ. ಕಥೆ ಚೆನ್ನಾಗಿದೆ ಎಂದು ಕೊಂಡವರು ಆಡಲು ಕೂತಾಗ, ಅದರೊಳಗಿನ ಜೀವಿಗಳ ಲೆಕ್ಕ ಈಗಿನ ನಿಯಮಕ್ಕೆ ಕೂಡುವುದಿಲ್ಲ. ಆಗ ಹಳೆಯ ಅಂಕಿಗಳನ್ನು ಹೊಸ ನಿಯಮಕ್ಕೆ ಹೊಂದಿಸುವ ಕೆಲಸಕ್ಕೆ ಆಟಗಾರರು ‘ಕನ್ವರ್ಷನ್’ ಎನ್ನುತ್ತಾರೆ. ಅದನ್ನು ತಿಳಿಯಲು ರಾಕ್ಷಸನಿಗಿಂತ ಒಳ್ಳೆಯ ಉದಾಹರಣೆ ನಮಗೆ ಬೇರೆ ಬೇಡ.

## ಆಟ ಯಾವುದು, ಆವೃತ್ತಿ ಅಂದರೇನು

ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ, ಪೂಜಾರಿ. ಇನ್ನೊಬ್ಬರು ಡಂಜನ್ ಮಾಸ್ಟರ್, ಚುಟುಕಾಗಿ ಡಿಎಂ. ತಾಳಮದ್ದಲೆ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಡಿಎಂ ಭಾಗವತರ ಹಾಗೆ ಪ್ರಸಂಗ ನಡೆಸುತ್ತಾರೆ, ಉಳಿದವರು ಅರ್ಥಧಾರಿಗಳ ಹಾಗೆ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಒಂದೇ ವ್ಯತ್ಯಾಸವೆಂದರೆ ಪ್ರಸಂಗದ ಕೊನೆ ಇಲ್ಲಿ ಯಾರಿಗೂ ಗೊತ್ತಿಲ್ಲ. ಕತ್ತಿ ಬೀಸಿದರೆ ಪೆಟ್ಟು ಬಿತ್ತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಹೊರತಂದರು. 1977ರಿಂದ ‘ಅಡ್ವಾನ್ಸ್‌ಡ್’ ಎಂಬ ದೊಡ್ಡ ರೂಪ ಬಂತು. ಹಳೆಯ ಆಟಗಾರರು ಮೊದಲ ಆವೃತ್ತಿ ಎನ್ನುವುದು ಇದನ್ನೇ. ಎರಡನೆಯದು 1989ರಲ್ಲಿ, ಮೂರನೆಯದು 2000ದಲ್ಲಿ, ಅದರ ತಿದ್ದುಪಡಿ 2003ರಲ್ಲಿ, ನಾಲ್ಕನೆಯದು 2008ರಲ್ಲಿ, ಐದನೆಯದು 2014ರಲ್ಲಿ. ಪ್ರತಿ ಸಲವೂ ದಾಳದ ಲೆಕ್ಕ ಅಷ್ಟಿಷ್ಟು ಬದಲಾಯಿತು. 2000ದಲ್ಲಂತೂ ಲೆಕ್ಕ ತಲೆಕೆಳಗೇ ಆಯಿತು.

## ರ್‍ಯಾಂಕ್ ಮತ್ತು ಮಾರ್ಕ್ಸ್

ಆರ್ಮರ್ ಕ್ಲಾಸ್ ಅಂದರೆ ಒಬ್ಬನಿಗೆ ಪೆಟ್ಟು ತಾಗಿಸುವುದು ಎಷ್ಟು ಕಷ್ಟ ಎಂಬುದರ ಅಳತೆ. ಹಳೆಯ ಪದ್ಧತಿ ಸಿಇಟಿ ರ್‍ಯಾಂಕ್ ಇದ್ದ ಹಾಗೆ, ಅಂಕಿ ಇಳಿದಷ್ಟೂ ಮೇಲು. ಬರಿಮೈಗೆ 10, ಲೋಹದ ಪೂರ್ಣ ಕವಚ ತೊಟ್ಟು ಗುರಾಣಿ ಹಿಡಿದವನಿಗೆ 2. ಅದಕ್ಕಿಂತ ಗಟ್ಟಿಯವರು ಸೊನ್ನೆ ದಾಟಿ ಮೈನಸ್‌ಗೆ ಇಳಿಯುತ್ತಾರೆ. ಮೂರನೇ ಆವೃತ್ತಿಯಿಂದ ಇದು ಮಾರ್ಕ್ಸ್ ಆಯಿತು, ಹೆಚ್ಚಿದ್ದಷ್ಟೂ ಮೇಲು.

ಹಾಗಾಗಿ ಎಲ್ಲರೂ ಮೊದಲು ಕಲಿಯುವ ಸೂತ್ರ ಒಂದಿದೆ: 20ರಿಂದ ಹಳೆಯ ಅಂಕಿಯನ್ನು ಕಳೆಯಿರಿ. ಬರಿಮೈಯ 10 ಈಗಲೂ 10. ಕವಚ, ಗುರಾಣಿಗಳ 2 ಸೂತ್ರದಂತೆ 18. ರಾಕ್ಷಸನ ಮೈನಸ್ 4 ಕಳೆದರೆ 24.

ಗಣಿತ ಸರಿ, ಉತ್ತರ ತಪ್ಪು. 2003ರ ಪುಸ್ತಕ ರಾಕ್ಷಸನಿಗೆ ಕೊಟ್ಟದ್ದು 21, 2014ರದ್ದು ಕೊಟ್ಟದ್ದು 16. ಐದನೇ ಆವೃತ್ತಿಯಲ್ಲಿ ಊರಿಗೆ ಊರನ್ನೇ ತುಳಿದುಹಾಕುವ ಟರಾಸ್ಕ್ ಎಂಬ ದೈತ್ಯಮೃಗಕ್ಕೇ ಆರ್ಮರ್ ಕ್ಲಾಸ್ 25. ಸೂತ್ರ ನಂಬಿದರೆ ನಮ್ಮ ರಾಕ್ಷಸ ಅದರ ಪಕ್ಕದಲ್ಲೇ ಹೋಗಿ ನಿಲ್ಲುತ್ತಾನೆ.

ಎಡವಟ್ಟು ಎಲ್ಲಿ ಎಂದರೆ, ಬದಲಾದದ್ದು ಅಂಕಿಯ ದಿಕ್ಕು ಮಾತ್ರವಲ್ಲ, ಹೊಡೆಯುವವನ ಕೈಯೂ ಬದಲಾಗಿದೆ. ಆಡುತ್ತಾ ಹೋದಂತೆ ಪಾತ್ರ ಏರುವ ಮೆಟ್ಟಿಲಿಗೆ ಲೆವೆಲ್ ಎನ್ನುತ್ತಾರೆ. ಮೊದಲ ಆವೃತ್ತಿಯ ಒಂಬತ್ತನೇ ಲೆವೆಲ್‌ನ ಯೋಧನಿಗೆ ಮೈನಸ್ 4ನ್ನು ತಾಗಿಸಲು ದಾಳದಲ್ಲಿ 16 ಅಥವಾ ಮೇಲೆ ಬೀಳಬೇಕು. ಇಪ್ಪತ್ತು ಮುಖಗಳಲ್ಲಿ ಐದು, ಅಂದರೆ ನೂರಕ್ಕೆ 25. ಕೈಯಲ್ಲಿ +3 ಮಾಂತ್ರಿಕ ಕತ್ತಿ, ಅಂದರೆ ದಾಳಕ್ಕೆ 3 ಕೂಡಿಸುವ ಕತ್ತಿ, ಇದ್ದರೆ ನೂರಕ್ಕೆ 40. ಐದನೇ ಆವೃತ್ತಿಯ ಹದಿಮೂರನೇ ಲೆವೆಲ್‌ನ ಯೋಧನದು ಬೇರೆ ಕಥೆ. ಅಭ್ಯಾಸಬಲ 5, ತೋಳ್ಬಲ 5, ಕತ್ತಿಯ ಮಂತ್ರಬಲ 1, ಒಟ್ಟು 11ನ್ನು ದಾಳಕ್ಕೆ ಕೂಡಿಸುತ್ತಾನೆ. 16ನ್ನು ಮುಟ್ಟಲು ದಾಳದಲ್ಲಿ 5 ಬಿದ್ದರೆ ಸಾಕು, ನೂರಕ್ಕೆ 80.

ಇದು ವಿನ್ಯಾಸಕರು ಬೇಕೆಂದೇ ಮಾಡಿದ್ದು. ಮೂರನೇ ಆವೃತ್ತಿಯಲ್ಲಿ ಲೆವೆಲ್ ಏರಿದಂತೆ ಕೂಡಿಸುವ ಅಂಕಿಗಳೂ ಆಕಾಶಕ್ಕೇರುತ್ತಿದ್ದವು. ಐದನೆಯದರಲ್ಲಿ ಅದಕ್ಕೆ ಮೂಗುದಾರ ಹಾಕಿದರು. ಒಂದನೇ ಲೆವೆಲ್‌ನಲ್ಲಿ 2 ಇರುವ ಅಭ್ಯಾಸಬಲ ಇಪ್ಪತ್ತನೇ ಲೆವೆಲ್‌ಗೆ ಬಂದರೂ 6 ದಾಟುವುದಿಲ್ಲ. ಇದನ್ನು ‘ಬೌಂಡೆಡ್ ಆಕ್ಯುರಸಿ’ ಎಂದು ಕರೆಯುತ್ತಾರೆ. ಕೋಟೆಯ ಗೋಡೆಗೆ ಹೋಲಿಸಿ ಹೇಳುವುದಾದರೆ, ಮೊದಲು ಗೋಡೆಯನ್ನು ಎತ್ತರ ಮಾಡುತ್ತಿದ್ದರು, ಈಗ ಎತ್ತರ ತಗ್ಗಿಸಿ ದಪ್ಪ ಮಾಡುತ್ತಾರೆ.

## ಆ ದಪ್ಪವೇ ಪ್ರಾಣ

ಹಿಟ್ ಪಾಯಿಂಟ್ ಎಂದರೆ ಎಷ್ಟು ಪೆಟ್ಟು ತಿಂದು ನಿಲ್ಲಬಲ್ಲ ಎಂಬ ಲೆಕ್ಕ. ಹಳೆಯ ಪುಸ್ತಕದಲ್ಲಿ ರಾಕ್ಷಸನಿಗೆ ‘ಹಿಟ್ ಡೈಸ್ 7’ ಎಂದಷ್ಟೇ ಇದೆ. ಎಂಟು ಮುಖದ ಏಳು ದಾಳ ಉರುಳಿಸಿ ಕೂಡಿಸಬೇಕು, ಸರಾಸರಿ ಮೂವತ್ತೊಂದೂವರೆ. ಆಗ ಎಲ್ಲ ಜೀವಿಗಳಿಗೂ ಎಂಟು ಮುಖದ ದಾಳವೇ. ಈಗ ದೇಹದ ಗಾತ್ರ ನೋಡಿ ದಾಳ ಕೊಡುತ್ತಾರೆ: ಮನುಷ್ಯ ಗಾತ್ರಕ್ಕೆ ಎಂಟು ಮುಖ, ದೊಡ್ಡದಕ್ಕೆ ಹತ್ತು, ಭಾರಿ ಗಾತ್ರಕ್ಕೆ ಹನ್ನೆರಡು. ಜೊತೆಗೆ ಪ್ರತಿ ದಾಳಕ್ಕೂ ಮೈಕಸುವಿನ ಅಂಕ ಸೇರುತ್ತದೆ. 2014ರ ರಾಕ್ಷಸನಿಗೆ ಹದಿಮೂರು ದಾಳ, ಒಂದೊಂದಕ್ಕೂ 4 ಹೆಚ್ಚುವರಿ, ಒಟ್ಟು ಸರಾಸರಿ 110.

ಈಗ ಎರಡೂ ಲೆಕ್ಕವನ್ನು ಕೂಡಿಸಿ ನೋಡೋಣ. ಹಳೆಯ ಯೋಧನ +3 ಉದ್ದಗತ್ತಿ ಒಂದು ಪೆಟ್ಟಿಗೆ ಸರಾಸರಿ ಏಳೂವರೆ ಪ್ರಾಣ ಕೀಳುತ್ತದೆ. ರಾಕ್ಷಸ ಬೀಳಲು ಐದು ಪೆಟ್ಟು ತಗುಲಬೇಕು. ನೂರಕ್ಕೆ 40ರ ಲೆಕ್ಕದಲ್ಲಿ ಐದು ತಗುಲಲು ಸುಮಾರು ಹನ್ನೆರಡು ಸಲ ಬೀಸಬೇಕು. ಹೊಸ ಯೋಧನ +1 ಮಹಾಖಡ್ಗದ ಪೆಟ್ಟಿಗೆ ಸರಾಸರಿ 13. ಒಂಬತ್ತು ಪೆಟ್ಟು ಬೇಕು, ನೂರಕ್ಕೆ 80ರಂತೆ ಹನ್ನೊಂದು ಸಲ ಬೀಸಿದರೆ ಮುಗಿಯಿತು.

ಹನ್ನೆರಡು ಮತ್ತು ಹನ್ನೊಂದು! ಆಯುಧ ಬದಲಿಸಿದರೆ ಈ ಉತ್ತರ ಆಚೀಚೆ ಆಗುತ್ತದೆ, ನಿಜ. ಆದರೂ ಮೈನಸ್ 4 ಮತ್ತು 16ರ ನಡುವೆ ಕಾಣದ ಸಂಬಂಧ ಇಲ್ಲಿ ಕಾಣುತ್ತದೆ. ಆರ್ಮರ್ ಕ್ಲಾಸ್ ಒಂದನ್ನೇ ಎತ್ತಿ ತಂದು, ಪ್ರಾಣವನ್ನು ಹಳೆಯ 31ಕ್ಕೇ ಬಿಟ್ಟರೆ ಕಾಳಗ ಸುಮಾರು ನಾಲ್ಕು ಬೀಸಿಗೆ ಮುಗಿಯುತ್ತದೆ. ಪ್ರಾಣ 110 ಮಾಡಿ ಆರ್ಮರ್ ಕ್ಲಾಸ್ 24 ಇಟ್ಟರೆ ರಾತ್ರಿ ಊಟದ ಹೊತ್ತಾದರೂ ಮುಗಿಯುವುದಿಲ್ಲ. ಒಂದು ಅಂಕಿ ಇನ್ನೊಂದನ್ನು ಹಿಡಿದುಕೊಂಡಿರುತ್ತದೆ, ಮಂಚದ ನವಾರಿನ ಹಾಗೆ. ಒಂದು ಎಳೆ ಸಡಿಲಿಸಿದರೆ ಇನ್ನೊಂದು ಕಡೆ ಜೋಲುತ್ತದೆ.

## ಹರಸಿದ ಬಾಣ

ಅಂಕಿಗಳನ್ನು ಹೇಗೋ ಕೂಡಿಸಬಹುದು. ಕಷ್ಟವಾಗುವುದು ಆ ಜೀವಿಗೇ ವಿಶಿಷ್ಟವಾದ ಒಂದು ಸಾಲನ್ನು ತರುವಾಗ.

1977ರ ಪುಟ ಹೇಳುವುದು ಹೀಗೆ: ಮಂತ್ರವಿಲ್ಲದ ಆಯುಧ ರಾಕ್ಷಸನಿಗೆ ನಾಟುವುದಿಲ್ಲ, +3ಕ್ಕಿಂತ ಕೆಳಗಿನ ಮಾಂತ್ರಿಕ ಆಯುಧದಿಂದ ಅರ್ಧ ಪೆಟ್ಟು ಮಾತ್ರ. ಆದರೆ ಪೂಜಾರಿ ಹರಸಿದ ಅಡ್ಡಬಿಲ್ಲಿನ (ಕ್ರಾಸ್‌ಬೋ) ಬಾಣ ಒಂದೇ ಒಂದು ತಗುಲಿದರೂ ಅವನು ಸತ್ತ.

ನಮಗೆ ಇದು ಹೊಸದಲ್ಲ. ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ ಎಂದು ವರ ಕೇಳಿದ ಹಿರಣ್ಯಕಶಿಪುವಿನ ಕಥೆ ಕೇಳಿಯೇ ಬೆಳೆದವರು ನಾವು. ವರ ಎಷ್ಟು ಗಟ್ಟಿಯೋ ಅದರೊಳಗಿನ ಸಂದು ಅಷ್ಟು ಮುಖ್ಯ. ಅಡ್ಡಬಿಲ್ಲು ಮಾತ್ರ ನಮ್ಮ ಪುರಾಣದ್ದಲ್ಲ. 1974ರಲ್ಲಿ ಪ್ರಸಾರವಾದ ಅಮೆರಿಕದ ಟಿವಿ ಧಾರಾವಾಹಿಯೊಂದರ ಕಂತಿನಲ್ಲಿ, ನೋಡುವವರಿಗೆ ನಂಬಿಕೆಯವರ ರೂಪದಲ್ಲೇ ಕಾಣಿಸಿಕೊಳ್ಳುವ ರಾಕ್ಷಸನೊಬ್ಬ ಇದೇ ರೀತಿಯ ಬಾಣಕ್ಕೆ ಬೀಳುತ್ತಾನೆ. ಆಟದ ರಾಕ್ಷಸ ಅಲ್ಲಿಂದಲೇ ಬಂದ ಎಂಬ ಮಾತು ಆಟಗಾರರಲ್ಲಿ ಹಳೆಯದು. ಹುಲಿಮುಖವೂ ರಾಮಾಯಣದ್ದಲ್ಲ. 1977ರ ಪುಸ್ತಕಕ್ಕೆ ಡೇವಿಡ್ ಟ್ರಾಂಪಿಯರ್ ಬರೆದ ಚಿತ್ರದಲ್ಲಿ ನಿಲುವಂಗಿ ತೊಟ್ಟ ಹುಲಿಯೊಂದು ದೊರೆಯ ಗತ್ತಿನಲ್ಲಿ ಚುಂಗಾಣಿ ಹಿಡಿದು ಕೂತಿದೆ. ಆ ಚಿತ್ರವೇ ಆಮೇಲೆ ಶಾಸನವಾಯಿತು.

ಈ ಒಂದು ಸಾಲು ಆವೃತ್ತಿಯಿಂದ ಆವೃತ್ತಿಗೆ ಹೇಗೆ ಸಾಗಿತು ನೋಡಿ. 2003ರಲ್ಲಿ ಹರಕೆ ಹೋಯಿತು, ಅಡ್ಡಬಿಲ್ಲೂ ಹೋಯಿತು. ಪ್ರತಿ ಪೆಟ್ಟಿನಿಂದ 15 ಕಳೆಯುವ ರಕ್ಷಣೆ ರಾಕ್ಷಸನಿಗೆ ಬಂತು. ಸಾತ್ವಿಕ ಶಕ್ತಿ ತುಂಬಿದ ಚುಚ್ಚುವ ಆಯುಧಕ್ಕೆ ಮಾತ್ರ ಆ ರಕ್ಷಣೆ ಬಗ್ಗುತ್ತಿತ್ತು. 2014ರಲ್ಲಿ ಇನ್ನೊಂದು ರೂಪ: ಒಳ್ಳೆಯ ಮನಸ್ಸಿನವನು ಹಿಡಿದ ಮಾಂತ್ರಿಕ ಆಯುಧ ಚುಚ್ಚಿದರೆ ಪೆಟ್ಟು ಇಮ್ಮಡಿ. 2025ರ ಪುಸ್ತಕದಲ್ಲಿ ಹರಕೆ ಮತ್ತೆ ಮರಳಿದೆ. ‘ಬ್ಲೆಸ್’ ಮಂತ್ರದ ಬಲದಲ್ಲಿರುವವನು ಚುಚ್ಚಿದರೆ ಇಮ್ಮಡಿ ಪೆಟ್ಟು. ಸುಮಾರು ಐವತ್ತು ವರ್ಷ ಸುತ್ತಿ ಬಾಣ ಪೂಜಾರಿಯ ಕೈಗೇ ಬಂದಿದೆ.

ಆದರೆ ಒಂದೇ ಬಾಣಕ್ಕೆ ಸಾವು ಎಂಬುದು ಯಾಕೆ ಉಳಿಯಲಿಲ್ಲ? ಹಿಂದಿನ ಲೆಕ್ಕಕ್ಕೇ ಹೋಗಿ. ಆಗ ಆ ಬಾಣ ತಗುಲುವ ಸಾಧ್ಯತೆ ನೂರಕ್ಕೆ 25ರ ಆಸುಪಾಸು. ನಾಲ್ಕು ಬಾಣ ಹರಸಿಕೊಂಡು ಹೋದರೆ ಮೂರು ಗೋಡೆಗೆ. ಈಗ ನೂರಕ್ಕೆ 80. ಹಳೆಯ ಸಾಲನ್ನು ಇದ್ದ ಹಾಗೆ ಇಳಿಸಿಕೊಂಡರೆ ರಾಕ್ಷಸ ಬಾಗಿಲು ತೆರೆದು ನಿಲ್ಲುವಷ್ಟರಲ್ಲಿ ಹೆಣ. ಇನ್ನೊಂದು ಕಡೆ, ಇಮ್ಮಡಿ ಪೆಟ್ಟು ಎಂಬುದು ತೀರಾ ಸಪ್ಪೆ. ಸಾಧಾರಣ ಅಡ್ಡಬಿಲ್ಲಿನ ಒಂದು ಬಾಣಕ್ಕೆ, ಬಿಲ್ಲುಗಾರನ ಕೈಚಳಕದ 5 ಸೇರಿಸಿದರೂ, ಸರಾಸರಿ ಒಂಬತ್ತೂವರೆ. ಇಮ್ಮಡಿಸಿದರೆ 19. 110 ಪ್ರಾಣ ತೆಗೆಯಲು ಆರು ಬಾಣ ಬೇಕು. ಆರನೇ ಬಾಣಕ್ಕೆ ಬೀಳುವವನನ್ನು ನೋಡಿ ವರದ ಸಂದು ಸಿಕ್ಕಿತು ಎಂದು ಯಾರಿಗೂ ಅನ್ನಿಸುವುದಿಲ್ಲ.

ನಾನು ಮೇಜಿನಲ್ಲಿ ಬಳಸುವ ದಾರಿ ನಡುವಿನದು. ರಾಕ್ಷಸನ ಪ್ರಾಣ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಹರಸಿದ ಬಾಣ ತಗುಲಿದರೆ ಸಾವು, ಅದಕ್ಕೆ ಮೊದಲು ತಗುಲಿದರೆ ಇಮ್ಮಡಿ ಪೆಟ್ಟು. ಕಾಳಗ ನಡೆದೇ ನಡೆಯುತ್ತದೆ, ಬಾಣಕ್ಕೂ ಬೆಲೆ ಇರುತ್ತದೆ. ಆಟಗಾರರಿಗೆ ಈ ಗುಟ್ಟು ಸಿಗುವ ದಾರಿಯನ್ನು ಕಥೆಯಲ್ಲೇ ಮೊದಲು ಇಟ್ಟಿರಬೇಕು, ಹಳೇ ಗುಡಿಯ ಗೋಡೆಯಲ್ಲೋ ಅಜ್ಜಿಯೊಬ್ಬಳ ಬಾಯಲ್ಲೋ. ಕನ್ನಡದ ಮಕ್ಕಳಾದರೆ ಹೇಳುವುದೂ ಬೇಡ. ರಾಕ್ಷಸ ಅಂದ ಕೂಡಲೇ ‘ಇವನಿಗೆ ಏನು ವರ?’ ಎಂದು ಅವರೇ ಕೇಳುತ್ತಾರೆ.

## ಎಂಟು ಯಾಕೆ ಏಳಾಯಿತು

ಹಳೆಯ ರಾಕ್ಷಸನಿಗೆ ಎಂಟನೇ ದರ್ಜೆಗಿಂತ ಕೆಳಗಿನ ಯಾವ ಮಂತ್ರವೂ ತಟ್ಟುತ್ತಿರಲಿಲ್ಲ. 2014ರಲ್ಲಿ ಆರನೇ ದರ್ಜೆಯವರೆಗಿನವು ತಟ್ಟುವುದಿಲ್ಲ, ಏಳನೆಯದು ತಟ್ಟುತ್ತದೆ. ಒಂದು ಮೆಟ್ಟಿಲು ಇಳಿಸಿದ್ದು ಯಾಕೆ? ರಾಕ್ಷಸನಿಗೆ ಈಗ ಕೊಟ್ಟಿರುವ ಕಷ್ಟದ ದರ್ಜೆ 13, ಅಂದರೆ ಹದಿಮೂರನೇ ಲೆವೆಲ್‌ನ ಪಾತ್ರಗಳಿಗೆ ತಕ್ಕವನು. ಹೊಸ ನಿಯಮದಲ್ಲಿ ಮಾಂತ್ರಿಕನಿಗೆ ಏಳನೇ ದರ್ಜೆಯ ಮಂತ್ರ ಮೊದಲ ಸಲ ಸಿಗುವುದು ಹದಿಮೂರನೇ ಲೆವೆಲ್‌ನಲ್ಲೇ, ಅದೂ ದಿನಕ್ಕೆ ಒಂದೇ ಸಲ ಹೇಳುವಷ್ಟು. ಅಂದರೆ ಅವನ ಬತ್ತಳಿಕೆಯಲ್ಲಿ ರಾಕ್ಷಸನಿಗೆ ನಾಟಬಹುದಾದ್ದು ಒಂದೇ ಒಂದು ಮಂತ್ರ. ಮೊದಲ ಆವೃತ್ತಿಯಲ್ಲಿ ಎಂಟನೇ ದರ್ಜೆ ಕೈಗೆ ಸಿಗಲು ಹದಿನಾರನೇ ಲೆವೆಲ್ ಆಗಬೇಕಿತ್ತು.

ಅಂಕಿ ಬದಲಿಸಿ ಮಾಂತ್ರಿಕನ ಒದ್ದಾಟವನ್ನು ಹಾಗೇ ಉಳಿಸಿದ್ದಾರೆ. ನನಗೆ ಇಡೀ ಪುಟದಲ್ಲಿ ಬಹಳ ಹಿಡಿಸಿದ ಕಸುಬು ಇದು.

## ಹಳೆಯದರಲ್ಲಿ ಇಲ್ಲದ್ದು

ಹಳೆಯ ಪುಟದಲ್ಲಿ ರಾಕ್ಷಸನ ತೋಳ್ಬಲ ಎಷ್ಟು, ಚುರುಕು ಎಷ್ಟು ಎಂಬುದೇ ಇಲ್ಲ. ಬುದ್ಧಿಯ ಬಗ್ಗೆ ಮಾತ್ರ ಒಂದು ಪದ ಇತ್ತು. ಈಗ ಆರು ಗುಣಗಳಿಗೂ ಅಂಕ ಬೇಕು, ಹಾಗಾಗಿ ಅದನ್ನು ಕಥೆ ಓದಿಯೇ ಊಹಿಸಬೇಕು. ಮರುಳು ಮಾಡುವುದೇ ರಾಕ್ಷಸನ ಕಸುಬಾದ್ದರಿಂದ ವ್ಯಕ್ತಿತ್ವದ ಸೆಳೆತಕ್ಕೆ 20 ಕೊಟ್ಟು ತೋಳ್ಬಲಕ್ಕೆ 14 ಕೊಟ್ಟಿದ್ದಾರೆ. ಒಮ್ಮೆ ಇವು ಗೊತ್ತಾದರೆ ಉಳಿದ ಕೆಲವು ತಾವಾಗಿ ಬರುತ್ತವೆ. ಅವನ ಮಾಯೆಯಿಂದ ತಪ್ಪಿಸಿಕೊಳ್ಳಲು ಎದುರಾಳಿ ಎಸೆಯುವ ದಾಳಕ್ಕೆ ‘ಸೇವಿಂಗ್ ಥ್ರೋ’ ಎಂದು ಹೆಸರು. ಅದು ಮುಟ್ಟಬೇಕಾದ ಗಡಿ ಹೀಗೆ: ಎಲ್ಲರಿಗೂ ಇರುವ 8, ರಾಕ್ಷಸನ ಅಭ್ಯಾಸಬಲ 5, ಸೆಳೆತದ 20ರಿಂದ ಬರುವ 5, ಒಟ್ಟು 18. ಹಳೆಯ ಆಟದಲ್ಲಿ ಈ ಗಡಿ ತಪ್ಪಿಸಿಕೊಳ್ಳುವವನ ಲೆವೆಲ್ ಮೇಲೆ ನಿಂತಿತ್ತು, ಮಾಯೆ ಮಾಡಿದವನು ಯಾರಾದರೂ ಅಷ್ಟೇ.

ನಡಿಗೆ ಸುಲಭ. ಆಗ ಮನುಷ್ಯನಿಗೆ 12, ರಾಕ್ಷಸನಿಗೆ 15. ಈಗ ಮನುಷ್ಯನಿಗೆ 30 ಅಡಿ. ಅದೇ ಪ್ರಮಾಣದಲ್ಲಿ ಮೂವತ್ತೇಳೂವರೆ; ಪುಸ್ತಕ 40 ಎಂದು ದುಂಡಾಗಿಸಿದೆ.

## ಎಷ್ಟು ಕಷ್ಟದವನು?

ಚಾಲೆಂಜ್ ರೇಟಿಂಗ್ ಎಂಬುದು ಡಿಎಂಗೆ ಕೊಡುವ ಎಚ್ಚರಿಕೆಯ ಫಲಕ. ದರ್ಜೆ 13 ಎಂದರೆ ಹದಿಮೂರನೇ ಲೆವೆಲ್‌ನ ನಾಲ್ವರಿಗೆ ತಕ್ಕ ಎದುರಾಳಿ ಎಂದರ್ಥ. 2014ರ ಡಂಜನ್ ಮಾಸ್ಟರ್ ಪುಸ್ತಕದಲ್ಲಿ ಇದನ್ನು ಕಂಡುಹಿಡಿಯಲು ಒಂದು ಕೋಷ್ಟಕವಿದೆ. ದರ್ಜೆ 13ರ ಜೀವಿಗೆ ಪ್ರಾಣ 251ರಿಂದ 265, ಒಂದು ಸುತ್ತಿಗೆ ಕೊಡುವ ಪೆಟ್ಟು 81ರಿಂದ 86 ಇರಬೇಕೆಂದು ಅದು ಹೇಳುತ್ತದೆ.

ರಾಕ್ಷಸನ ಪ್ರಾಣ 110. ಎರಡು ಉಗುರೇಟು ಸೇರಿ ಸರಾಸರಿ 18.

ಕೋಷ್ಟಕ ನಂಬಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಉಳಿದ ತೂಕವೆಲ್ಲ ಮಂತ್ರ ತಟ್ಟದ ಮೈಯಲ್ಲಿ, ಮನಸ್ಸು ಓದುವ ಶಕ್ತಿಯಲ್ಲಿ, ಉಗುರು ತಾಗಿದವನಿಗೆ ನಿದ್ದೆ ವಿಶ್ರಾಂತಿಯ ಫಲವೇ ಸಿಗದಂತೆ ಮಾಡುವ ಶಾಪದಲ್ಲಿ ಇದೆ. ಇವನನ್ನು ಬಯಲಲ್ಲಿ ನಿಲ್ಲಿಸಿ ಹೊಡೆದಾಡಿಸಿದರೆ ದರ್ಜೆ 13 ಸುಳ್ಳು. ಊರ ಸಾಹುಕಾರನ ವೇಷದಲ್ಲಿ ಆಟಗಾರರಿಗೆ ಊಟ ಹಾಕುವವನನ್ನಾಗಿ ಮಾಡಿದರೆ 13 ಕಡಿಮೆಯೇ ಆಯಿತು. ಸನ್ಯಾಸಿ ವೇಷದಲ್ಲಿ ಭಿಕ್ಷೆಗೆ ಬಂದ ರಾವಣ ಸೀತೆಯ ಮುಂದೆ ಬಾಹುಬಲವನ್ನೇನೂ ಮೊದಲು ತೋರಿಸಲಿಲ್ಲವಲ್ಲ. 2025ರ ಪುಸ್ತಕ ದರ್ಜೆಯನ್ನು 13ರಲ್ಲೇ ಇಟ್ಟು ಪ್ರಾಣವನ್ನು 221ಕ್ಕೆ ಏರಿಸಿದೆ. ಬಯಲಿಗಿಳಿಸುವ ಡಿಎಂಗಳೇ ಹೆಚ್ಚೇನೋ!

## ನಿಯಮವೇ ಸತ್ತುಹೋಗಿದ್ದರೆ

ಕೆಲವು ಜೀವಿಗಳ ಆಯುಧವೇ ಈಗಿನ ಆಟದಲ್ಲಿ ಇಲ್ಲ. ವೈಟ್ ಎಂಬ ಹಳೆಯ ಪ್ರೇತ ಮುಟ್ಟಿದರೆ ಆಟಗಾರನ ಒಂದು ಲೆವೆಲ್ಲೇ ಹೋಗುತ್ತಿತ್ತು. ವಾರಗಟ್ಟಲೆ ಆಡಿ ಗಳಿಸಿದ್ದು ಒಂದು ಸ್ಪರ್ಶಕ್ಕೆ ಮಾಯ. ಮೇಜಿನಲ್ಲಿ ನಿಜವಾದ ಭಯವಿತ್ತು, ಮನಸ್ತಾಪಗಳೂ ಇದ್ದವು. ಐದನೇ ಆವೃತ್ತಿಯ ವೈಟ್ ಮುಟ್ಟಿದರೆ ಗರಿಷ್ಠ ಪ್ರಾಣ ತಗ್ಗುತ್ತದೆ, ಅದೂ ಸೇವಿಂಗ್ ಥ್ರೋ ಸೋತರೆ ಮಾತ್ರ, ಮತ್ತು ದೀರ್ಘ ವಿಶ್ರಾಂತಿಯ ಬಳಿಕ ಸರಿಹೋಗುತ್ತದೆ. ಹಳಬರಿಗೆ ಇದು ಹಲ್ಲು ಕಿತ್ತ ಹಾವು. ಆದರೆ ಈಗ ಪಾತ್ರ ಕಟ್ಟಲು ಒಂದು ಸಂಜೆಯೇ ಬೇಕು, ಆಗ ಹತ್ತು ನಿಮಿಷ ಸಾಕಿತ್ತು ಎಂಬುದನ್ನೂ ನೆನಪಿಡಬೇಕು.

## ವೇಷ ಬದಲಿಸಿದರೂ ಸಾಕು

ಇಷ್ಟೆಲ್ಲ ಲೆಕ್ಕ ಹಾಕಲು ಪುರಸೊತ್ತಿಲ್ಲದವರಿಗೆ ಇನ್ನೊಂದು ದಾರಿ. ಹೊಸ ಪುಸ್ತಕದಲ್ಲೇ ಅಂಥದ್ದೇ ಕೆಲಸ ಮಾಡುವ ಜೀವಿಯನ್ನು ಹುಡುಕಿ, ಅಂಕಿಗಳನ್ನು ಹಾಗೇ ಇಟ್ಟು, ಹೆಸರು ಮತ್ತು ರೂಪ ಬದಲಿಸುವುದು. ಯಕ್ಷಗಾನದ ಬಣ್ಣದ ವೇಷದವರು ಇಂದು ಒಬ್ಬ ರಕ್ಕಸ, ನಾಳೆ ಇನ್ನೊಬ್ಬ ಆಗುವುದಿಲ್ಲವೇ, ಹಾಗೆ. ಹಳೆಯ ಜೀವಿಯ ಆ ಒಂದು ವಿಶೇಷ ಸಾಲನ್ನು ಮಾತ್ರ ಮೇಲೆ ಹೊಲಿಯಬೇಕು. ಮನೆಯಾಟಕ್ಕೆ ಹತ್ತರಲ್ಲಿ ಎಂಟು ಸಲ ಇದೇ ಸಾಕು.

ಮಾಡಿದ್ದನ್ನು ಮನೆಯಾಚೆ ಹಂಚುವುದಾದರೆ ಸ್ವಲ್ಪ ಎಚ್ಚರ ಬೇಕು. ಐದನೇ ಆವೃತ್ತಿಯ ಮೂಲ ನಿಯಮಗಳ ಕಡತವನ್ನು ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟರು. ಮೂಲವನ್ನು ಹೆಸರಿಸಿದರೆ ಯಾರೂ ಬಳಸಬಹುದು, ಮಾರಲೂಬಹುದು. ರಾಕ್ಷಸ ಅದರಲ್ಲಿದ್ದಾನೆ. ಹಲವು ಕಣ್ಣಿನ ಬಿಹೋಲ್ಡರ್‌ನ ವಿವರ ಅದರಲ್ಲಿಲ್ಲ. ಹಳೆಯ ಪುಸ್ತಕಗಳ ವಾಕ್ಯಗಳನ್ನು ಇದ್ದ ಹಾಗೆ ಎತ್ತಿ ಹಾಕುವುದಕ್ಕೂ ಈ ಪರವಾನಗಿ ಇಲ್ಲ, ವಿವರಣೆಯನ್ನು ಸ್ವಂತ ಮಾತಲ್ಲಿ ಬರೆಯಬೇಕು.

ಕೊನೆಗೆ, ಆಟಗಾರರು ಬರುವ ಹಿಂದಿನ ದಿನ ಒಬ್ಬರೇ ಕೂತು ಮೂರು ಸುತ್ತು ಕಾದಾಡಿಸಿ ನೋಡಿ. ಆಟಗಾರರ ಪಾತ್ರಗಳ ಹಾಳೆ ಒಂದು ಕಡೆ, ರಾಕ್ಷಸನ ಹಾಳೆ ಇನ್ನೊಂದು ಕಡೆ. ಮೊದಲ ಸುತ್ತಿನಲ್ಲೇ ಪ್ರಾಣ ಅರ್ಧ ದಾಟಿದರೆ ಹಿಟ್ ಪಾಯಿಂಟ್ ಏರಿಸಿ. ಮೂರು ಸುತ್ತಾದರೂ ಕಾಲು ಭಾಗ ಇಳಿಯದಿದ್ದರೆ ಆರ್ಮರ್ ಕ್ಲಾಸ್ ಒಂದೆರಡು ತಗ್ಗಿಸಿ. ಎರಡನ್ನೂ ಒಟ್ಟಿಗೆ ಮುಟ್ಟಬೇಡಿ, ಯಾವುದರಿಂದ ಸರಿಹೋಯಿತು ಎಂದು ಆಮೇಲೆ ತಿಳಿಯುವುದಿಲ್ಲ.